ಅಟ್ಟೂರಿನಲ್ಲಿ ಮನೆ ಹುಡುಕಿದ ರಕ್ತಪಿಶಾಚಿ

ರಕ್ತ ಕುಡಿಯುವ ಪಿಶಾಚಿಗೂ ಬೆಂಗಳೂರಿನಲ್ಲಿ ಸುಲಭಕ್ಕೆ ಬಾಡಿಗೆ ಮನೆ ಸಿಗುವುದಿಲ್ಲ. ಶಾಂತಲಾ ಬರೆದ ಸಿನಿಮಾದ ಕಥೆ ಇಷ್ಟೇ.

ಇಂಗ್ಲಿಷ್ ಪಠ್ಯದಲ್ಲಿದ್ದ, ನೂರು ವರ್ಷಕ್ಕೂ ಹಳೆಯದಾದ ಭೂತದ ಕಾದಂಬರಿಯೊಂದನ್ನು ಅವಳು ಪರೀಕ್ಷೆಯ ಹಿಂದಿನ ದಿನ ಕೈಗೆತ್ತಿಕೊಂಡು, ಪರೀಕ್ಷೆಯನ್ನೇ ಮರೆತು ಓದಿ ಮುಗಿಸಿದ್ದಳು. ಅದರಲ್ಲಿ ಬೆಟ್ಟದ ಕೋಟೆಯ ದೊರೆಯೊಬ್ಬ, ರಕ್ತಪಿಶಾಚಿ, ಊರು ಬಿಟ್ಟು ದೊಡ್ಡ ಪಟ್ಟಣಕ್ಕೆ ಬಂದು ಮನೆ ಕೊಳ್ಳುತ್ತಾನೆ. ಇಲ್ಲಿ ಮನೆ ಕೊಳ್ಳುವುದು ಪಿಶಾಚಿಗಳಿಗೂ ಆಗದ ಮಾತು. ಆದ್ದರಿಂದ ಶಾಂತಲಾಳ ದೊರೆ ಕರಿ ಕೋಟು ಹಾಕಿಕೊಂಡು, ಯಲಹಂಕ ನ್ಯೂ ಟೌನಿನಲ್ಲಿ ಟು-ಲೆಟ್ ಬೋರ್ಡು ನೋಡುತ್ತಾ ಗೇಟಿನಿಂದ ಗೇಟಿಗೆ ಅಲೆಯುತ್ತಾನೆ.

ಅವನಿಗೊಂದು ಕಟ್ಟಳೆ ಇದೆ. ಮನೆಯವರು ಬಾಯಿಬಿಟ್ಟು ‘ಒಳಗೆ ಬಾ’ ಅನ್ನದೆ ಅವನು ಹೊಸಿಲು ದಾಟುವಂತಿಲ್ಲ. ಅಂದರೆ ಮಾತ್ರ ಮನೆಯವರ ಕಥೆ ಮುಗಿಯಿತು. ಆದರೆ ನಮ್ಮ ಓನರುಗಳು ಒಳಗೆ ಬಾ ಅನ್ನುವ ಜನವೇ? ಬ್ಯಾಚುಲರಾ, ನಾನ್‌ವೆಜ್ಜಾ, ಯಾವ ಕಂಪನಿ, ರಾತ್ರಿ ಲೇಟಾಗಿ ಬರ್ತೀರಾ, ಎಲ್ಲವನ್ನೂ ಗೇಟಿನಾಚೆ ನಿಲ್ಲಿಸಿಯೇ ಕೇಳುತ್ತಾರೆ. ದೊರೆ ದೊಡ್ಡ ಮನೆತನದವನು, ಸುಳ್ಳು ಹೇಳಲು ಬಾರದು, ನಾನ್‌ವೆಜ್ ಎಂದು ಒಪ್ಪಿಕೊಳ್ಳುತ್ತಾನೆ. ಗೇಟು ಮುಚ್ಚಿಕೊಳ್ಳುತ್ತದೆ. ಹೀಗೆ ಯಲಹಂಕದ ಓನರುಗಳು ತಮಗೇ ಗೊತ್ತಿಲ್ಲದೆ ಜೀವ ಉಳಿಸಿಕೊಳ್ಳುತ್ತಾ ಹೋಗುತ್ತಾರೆ.

ಕೊನೆಯ ಮನೆ ಒಬ್ಬ ಅಜ್ಜಿಯದು. ಆಕೆಗೆ ಮಾತ್ರ ಇವನು ಯಾರೆಂದು ನೋಡಿದ ಕೂಡಲೇ ತಿಳಿಯುತ್ತದೆ. ‘ಹೋಗಾಚೆ’ ಎಂದು ಮುಖಕ್ಕೆ ಬಾಗಿಲು ಹಾಕುತ್ತಾಳೆ. ಹಸಿವು ತಾಳಲಾರದೆ ದೊರೆ ಅಲ್ಲೇ ಬಿದ್ದು ಹೊರಳಾಡಿ ಬೂದಿಯಾಗುತ್ತಾನೆ. ಈ ಬೂದಿಗೆಂದು ಶಾಂತಲಾ ದೇವರ ಮನೆಯ ಊದುಬತ್ತಿ ಬೂದಿಯನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು.

ಗೇಟುಗಳ ದೃಶ್ಯವೆಲ್ಲ ಚಿತ್ರೀಕರಣವಾಗಿತ್ತು. ಉಳಿದದ್ದು ಅಜ್ಜಿಯ ಬಾಗಿಲು. ಅದು ಹೆದರಿಸಲೇಬೇಕಿತ್ತು. ಯಾಕೆಂದರೆ ಹೋದ ವರ್ಷ ಅವಳು ಮಾಡಿದ ಮೊದಲ ಹಾರರ್ ಫಿಲ್ಮಿನಲ್ಲಿ ಬಾವಿಯಿಂದೆದ್ದು ಬಂದ ದೆವ್ವದ ಕಾಲಲ್ಲಿ ನೀಲಿ ಹವಾಯಿ ಚಪ್ಪಲಿ ಕಂಡು ಇಡೀ ಕ್ಲಾಸು ಬೆಂಚು ಬಡಿದುಕೊಂಡು ನಕ್ಕಿತ್ತು. ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುವ ಜ್ಯೋತಿಲಕ್ಷ್ಮಿ ಮೇಡಂ ಕೂಡ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಿನ್ ಕೈಗೆ ಹೆದರ್ಸೋದು ಬರಲ್ಲ ಕಣಮ್ಮ. ಕಾಮಿಡಿ ಮಾಡು, ಚೆನ್ನಾಗ್ ಬರುತ್ತೆ,” ಅಂದಿದ್ದರು. ಆ ಮಾತು ಶಾಂತಲಾಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇನ್ನೂ ನಿಂತಿತ್ತು.

ಈ ಸಲ ಮೇಡಂ ಷರತ್ತು ಹಾಕಿದ್ದರು. ಮುಂದಿನ ವರ್ಷ, ಫೈನಲ್ ಇಯರಿನಲ್ಲಿ, ಇಡೀ ಬ್ಯಾಚಿಗೆ ಒಂದೇ ದೊಡ್ಡ ಫಿಲ್ಮು, ಒಬ್ಬರೇ ಡೈರೆಕ್ಟರು. “ಸೋಮವಾರ ಕ್ಲಾಸಲ್ಲಿ ತೋರ್ಸು. ಒಬ್ರಾದ್ರೂ ಹೆದರಿದ್ರೆ ಆ ಫಿಲ್ಮ್ ನಿಂದು. ನಕ್ಕರೆ ಬಾಲರಾಜುದು, ನೀನು ಅವನ ಅಸಿಸ್ಟೆಂಟು.” ಬಾಲರಾಜು ಹೆಬ್ಬಾಳ ಕೆರೆಯ ಹಕ್ಕಿಗಳ ಮೇಲೆ ಫಿಲ್ಮು ಮಾಡಿದವನು. ಅವನ ಅಸಿಸ್ಟೆಂಟು ಅಂದರೆ, ಹಕ್ಕಿ ಬರುವ ತನಕ ಅವನ ತಲೆಗೆ ಕೊಡೆ ಹಿಡಿದು ಸುಮ್ಮನೆ ನಿಲ್ಲುವುದು.

ಭಾನುವಾರ ಸಂಜೆ ಅಟ್ಟೂರಿನಲ್ಲಿ ಶೂಟಿಂಗ್ ಇಟ್ಟುಕೊಂಡಳು. ಶಾಂತಲಾಳ ಸ್ವಂತ ಅಜ್ಜಿ ಪಟಾಲಮ್ಮನ ಮನೆ ಅಲ್ಲೇ. ಹಳೆಯ ಹೆಂಚಿನ ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಿಸಿದಾಗ, ಕೆತ್ತನೆಯ ತೇಗದ ತಲೆಬಾಗಿಲನ್ನು ಮಾತ್ರ ಅಜ್ಜಿ ಯಾರಿಗೂ ಮುಟ್ಟಗೊಡದೆ ಕೆಳಗಿನ ತನ್ನ ಮನೆಗೆ ಕೂರಿಸಿಕೊಂಡಿದ್ದಳು. ಬಾಗಿಲಿನ ಎದುರು ನಿಂತ ಸ್ಕೂಟರುಗಳನ್ನು ಸರಿಸಿಬಿಟ್ಟರೆ ಸಾಕ್ಷಾತ್ ಕೋಟೆ. ಅಜ್ಜಿಯ ಪಾತ್ರಕ್ಕೆ ಅಜ್ಜಿಯೇ.

ದೊರೆಯ ಪಾತ್ರ ಅವಳದೇ ಕ್ಲಾಸಿನ, ಗಂಗಾನಗರದ ಫರ್ದೀನನದು. ಉದ್ದಕ್ಕೆ, ಸಣ್ಣಕ್ಕೆ, ಫೋನಿನಲ್ಲಿ ಗೇಮ್ ಆಡಿ ಆಡಿ ಕಣ್ಣ ಕೆಳಗೆ ತಾನಾಗಿ ಮೂಡಿದ ಕಪ್ಪು. ಮೇಕಪ್ಪಿನ ಅಗತ್ಯವೇ ಇರಲಿಲ್ಲ. ಹಲ್ಲಿನ ಡಾಕ್ಟರಿಕೆ ಓದುವ ಅವನ ಅಕ್ಕ ಅತೀಯಾ ಕೋರೆಹಲ್ಲನ್ನು ಅಳತೆಗೆ ಮಾಡಿಕೊಟ್ಟಿದ್ದಳು. ಒಂದೇ ಕೊರತೆ, ಅವನಿಗೆ ಹಸಿವಿನ ನಟನೆ ಬರುತ್ತಿರಲಿಲ್ಲ. ಹಸಿದ ಹಾಗೆ ನೋಡು ಅಂದರೆ ಸೀನು ಬರುವವನ ಹಾಗೆ ನೋಡುತ್ತಿದ್ದ.

ಶೂಟಿಂಗಿನ ಹಿಂದಿನ ದಿನ ಅವನ ಫೋನು ಬಂತು. “ಮಗಾ, ನಾಳೆ ರೋಜಾ ಇದೆ. ಬೆಳಗ್ಗಿಂದ ಉಪವಾಸ ಕಣೆ.”

ಶಾಂತಲಾ ನಾಲಿಗೆ ಕಚ್ಚಿಕೊಂಡಳು. ರಂಜಾನ್ ಶುರುವಾದ ದಿನ ಅವನಿಗೆ ಚಂದ್ರನ ಸ್ಟಿಕ್ಕರ್ ಕಳಿಸಿದ್ದಳು, ಆದರೆ ಶೂಟಿಂಗಿಗೂ ಅದಕ್ಕೂ ತಾಳೆ ಹಾಕಿರಲಿಲ್ಲ. “ನಂಗೆ ಹೊತ್ತು ಮುಳುಗೋ ಬೆಳಕು ಬೇಕು ಗುರು.”

“ನಂಗೆ ಹೊತ್ತು ಮುಳುಗಿದ್ ತಕ್ಷಣ ಖರ್ಜೂರ ಬೇಕು ಗುರು.”

“ರಕ್ತ ಹೆಂಗೆ ಮತ್ತೆ? ಹಲ್ಲು?”

“ಅಮ್ಮಿ ಗುಲಾಬಿ ಶರಬತ್ತು ಕುದ್ಸಿ ಗಟ್ಟಿ ಮಾಡ್ಕೊಟ್ಟಿದಾರೆ. ತುಟಿ ಆಚೆ ಹಚ್ಚು, ಬಾಯೊಳಗೆ ನಕ್ಕೊ, ಬೇಡ. ಹಲ್ಲು ಹಾಕ್ಕೊಳಪ್ಪ, ಚೀಪಬೇಡ ಅಂದ್ರು.”

“ಯಾರನ್ನ?”

“ಹಲ್ಲನ್ನೇ ಕಣೆ.”

ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ಫರ್ದೀನ್ ಕರಿ ಕೋಟಿನಲ್ಲಿ ಬೆವರುತ್ತಾ ಬಾಗಿಲಿಗೆ ಬಂದು ನಿಂತ. ಕ್ಯಾಮೆರಾ ಅವನ ಚಿಕ್ಕಪ್ಪನ ಮಗಳು ಜೋಯಾಳದು, ಕ್ಯಾಮೆರಾ ಅಂದರೆ ಅವಳ ಫೋನು. ಅವನ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿ, ಬಾಗಿಲ ಪಕ್ಕದಲ್ಲಿ ಸ್ಟ್ಯಾಂಡ್ ಹೂಡಿಕೊಂಡು ಕೂತಳು. ಜೋಯಾಗೂ ರೋಜಾ ಇತ್ತು, ಆದರೆ ಅವಳು ಹೇಳಿಕೊಂಡು ತಿರುಗುವವಳಲ್ಲ. ಮಾತೇ ಕಡಿಮೆ. ಶಾಂತಲಾ ಕಟ್ ಅನ್ನುವ ತನಕ ಭೂಮಿ ಬಿರಿದರೂ ರೆಕಾರ್ಡಿಂಗ್ ನಿಲ್ಲಿಸುವುದಿಲ್ಲ ಎಂಬುದು ಅವಳ ಒಂದೇ ಹಟ.

ಮೊದಲ ಟೇಕ್. ಫರ್ದೀನ್ ಬಾಗಿಲು ತಟ್ಟಿದ. ಪಟಾಲಮ್ಮ ತೆಗೆದಳು. ಎದುರಿಗೆ ಕೋರೆಹಲ್ಲು, ಗಲ್ಲದ ಮೇಲೆ ರಕ್ತ.

“ಬಾರಪ್ಪ.”

“ಕಟ್. ಅಜ್ಜಿ, ಬಾ ಅನ್ಬಾರ್ದು.”

“ಬಾಗ್ಲಿಗೆ ಬಂದೋರ್ನ ಇನ್ನೇನಂತ ಮಾತಾಡ್ಸ್ಲೇ?”

“ಹೋಗಾಚೆ ಅನ್ನು.”

“ಯಾರ ಮಗ ಅಂತಾನೂ ಕೇಳ್ದೇನೇ?”

“ಅವನು ಪಿಶಾಚಿ ಅಜ್ಜಿ.”

ಅಜ್ಜಿ ಫರ್ದೀನನನ್ನು ಮೇಲಿಂದ ಕೆಳಗೆ ನೋಡಿದಳು. “ಪಿಶಾಚಿಗಾದ್ರೂ ಅಪ್ಪ ಅಮ್ಮ ಇರಾಕಿಲ್ವಾ. ಅಲ್ಲು ಯಾಕಪ್ಪ ಇಂಗೆ ಬೆಳ್ದೈತೆ?”

“ಅಕ್ಕ ಮಾಡ್ಕೊಟ್ಟಿದ್ದು ಅಜ್ಜಿ,” ಎಂದ ಫರ್ದೀನ್. ಹಲ್ಲಿನ ಸಂದಿಯಲ್ಲಿ ಮಾತೆಲ್ಲ ಗಾಳಿಯಾಗಿ ಹೋಯಿತು.

ಎರಡನೆಯ ಟೇಕಿಗೆ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಸಿದ್ಧಳಾದಳು. ಬಾಗಿಲು ತೆಗೆದು ಗಟ್ಟಿಯಾಗಿ, “ಓಗಾಚೆ,” ಅಂದಳು. ಶಾಂತಲಾಳ ಮುಖ ಅರಳುವಷ್ಟರಲ್ಲಿ ಅಜ್ಜಿಯ ದನಿ ಮೆತ್ತಗಾಯಿತು. “ಓಗಿ ಕೈಕಾಲ್ ತೊಳ್ಕಂಡು ಬಾ, ನಲ್ಲಿ ಅಲ್ಲೇ ಐತೆ.”

ಮೂರನೆಯದಕ್ಕೆ ಮಾತು ಸರಿಯಾಯಿತು, ಬಾಗಿಲು ಸರಿಯಾಗಲಿಲ್ಲ. ಅಜ್ಜಿ ಅದನ್ನು ಮೆಲ್ಲಗೆ ದೂಡಿ, ಕೈ ತೂರುವಷ್ಟು ಸಂದಿ ಬಿಟ್ಟು, ಆ ಸಂದಿಯಿಂದಲೇ ಇಣುಕಿದಳು. “ದೀಪ ಅಚ್ಚೋ ಒತ್ನಲ್ಲಿ ತಲೆಬಾಗ್ಲು ಆಕ್ಬಾರ್ದು ಕಣೆ. ಲಕ್ಷ್ಮಿ ಬರೋ ಒತ್ತು. ಆಕಿದ್ರೆ ನಿಮ್ಮಪ್ಪ ನನ್ನ ಬೈತಾನೆ.” ಅದೇ ಹೊತ್ತಿಗೆ ಮೇಲಿನ ಮನೆಯ ಕುಕ್ಕರ್ ಕೂಗಿತು. ಫರ್ದೀನನ ಹಸಿವಿನ ಮುಖವಂತೂ, ಬಸ್ಸಿನಲ್ಲಿ ಚಿಲ್ಲರೆ ಹುಡುಕುವವನ ಮುಖವಾಗಿತ್ತು.

ಶಾಂತಲಾ ತಲೆ ಹಿಡಿದುಕೊಂಡು ಸ್ಕೂಟರಿನ ಮೇಲೆ ಕೂತಳು. ಅಜ್ಜಿ ಒಂದು ಲೋಟ ನೀರು ತಂದು ಫರ್ದೀನನ ಮುಂದೆ ಹಿಡಿದಳು.

“ಬೇಡ ಅಜ್ಜಿ, ರೋಜಾ.”

“ನೀರೂ ಕುಡಿಯಾಂಗಿಲ್ವಾ?”

“ಹೊತ್ತು ಮುಳುಗೋವರ್ಗೂ ಇಲ್ಲ ಅಜ್ಜಿ.”

“ಎಷ್ಟೊತ್ನಿಂದ?”

“ಬೆಳಕು ಹರಿಯೋಕ್ ಮುಂಚಿಂದ.”

ಅಜ್ಜಿ ಮೊಮ್ಮಗಳ ಕಡೆ ತಿರುಗಿದ ರೀತಿಗೆ ಶಾಂತಲಾ ಸ್ಕೂಟರಿನಿಂದ ಇಳಿದು ನಿಂತಳು. “ಉಪಾಸ ಇರೋ ಮಗೀಗೆ ಕಂಬ್ಳಿ ಅಂಗಿ ತೊಡ್ಸಿ ಬಿಸ್ಲಾಗೆ ನಿಲ್ಸಿದೀಯಲ್ಲೇ. ಇಲ್ಲಿ ಪಿಶಾಚಿ ಯಾರು?” ಅಷ್ಟು ಹೇಳಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಅಡುಗೆಮನೆಯಿಂದ ಬೆಲ್ಲ ಕುಟ್ಟುವ ಸದ್ದು ಕೇಳತೊಡಗಿತು.

“ಅಜ್ಜಿ, ಲಾಸ್ಟ್ ಟೇಕು, ಪ್ಲೀಸ್. ಬಾಗ್ಲು ತಟ್ಟಿದಾಗ ಬಂದ್ರೆ ಸಾಕು,” ಎಂದು ಶಾಂತಲಾ ಕಿಟಕಿಯಿಂದ ಬೇಡಿಕೊಂಡಳು. ಒಳಗೆ ಬೆಲ್ಲ ಕುಟ್ಟುವುದು ನಡೆದೇ ಇತ್ತು.

ಅಷ್ಟರಲ್ಲಿ ಬೆಳಕು ಬಂತು. ಅವಳು ಕಾದಿದ್ದ ಬೆಳಕು. ಎದುರು ಸಾಲಿನ ನೀರಿನ ಟ್ಯಾಂಕುಗಳ ಹಿಂದೆ ಆಕಾಶ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ತೇಗದ ಬಾಗಿಲ ಕೆತ್ತನೆಯಲ್ಲಿ ನೆರಳು ತುಂಬಿಕೊಂಡಿತು. ಅದರ ಜೊತೆಗೇ ಮಸೀದಿಯಿಂದ ಅಜಾನ್ ಕೇಳಿಸಿತು. ಫರ್ದೀನನ ಕಣ್ಣು ನೇರ ಜೋಯಾಳ ಬ್ಯಾಗಿಗೆ ಹೋಯಿತು. ಖರ್ಜೂರ ಅದರಲ್ಲಿತ್ತು.

ಶಾಂತಲಾಗೆ ನಾಚಿಕೆಯಾಯಿತು, ಆದರೂ ಕೇಳಿದಳು. “ಒಂದೇ ಟೇಕ್ ಗುರು. ಈ ಬೆಳಕು ಹೋದ್ರೆ ಮುಂದಿನ ವರ್ಷ ಪೂರ್ತಿ ಬಾಲರಾಜುಗೆ ಕೊಡೆ ಹಿಡಿತೀನಿ.”

ಫರ್ದೀನ್ ಬ್ಯಾಗಿನಿಂದ ಕಣ್ಣು ಕಿತ್ತ. “ಅಜಾನ್ ಮುಗೀಲಿ. ಒಂದೇ ಒಂದು. ಆಮೇಲೆ ಮೊದ್ಲು ನಿನ್ನನ್ನೇ ತಿಂತೀನಿ.”

ಅಜಾನ್ ಮುಗಿಯಿತು. ಬೀದಿ ನಿಶ್ಶಬ್ದವಾಯಿತು. ಜೋಯಾ ರೆಕಾರ್ಡ್ ಒತ್ತಿದಳು. ಫರ್ದೀನ್ ಬಾಗಿಲು ತಟ್ಟಿದ. ಅವನ ಬೆನ್ನ ಹಿಂದೆ ದೂರದಲ್ಲಿ ನಿಂತಿದ್ದ ಶಾಂತಲಾಗೆ ಅವನ ಮುಖ ಕಾಣುತ್ತಿರಲಿಲ್ಲ, ಅಜ್ಜಿ ಮಾತ್ರ ಕಂಡಳು. ಅಜ್ಜಿ ಎರಡೂ ಕೈಯಲ್ಲಿ ಒಂದು ದೊಡ್ಡ ಹಿತ್ತಾಳೆ ಚೊಂಬನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅಂಚಿನಿಂದ ಪಾನಕ ತುಳುಕುತ್ತಿತ್ತು. ಸಿನಿಮಾ ಗಿನಿಮಾ ಏನೂ ಅವಳ ಮುಖದಲ್ಲಿರಲಿಲ್ಲ.

“ಒತ್ತು ಮುಳುಗ್ತು ಕಣಪ್ಪ,” ಎಂದಳು. “ಬೆಳಗ್ಗಿಂದ ಅಸ್ಕಂಡಿದೀಯ. ಬಾಗ್ಲಾಗೆ ಯಾಕೆ ನಿಂತೀಯ? ಒಳೀಕೆ ಬಾ.”

ಫರ್ದೀನ್ ಅಲುಗಲಿಲ್ಲ.

“ಬಾ ಮಗ. ಇಲ್ಲಿ ಯಾರೂ ಇಲ್ಲ, ನಾನೊಬ್ಳೇ. ನಾಚ್ಕೋಬೇಡ.”

ಅವನು ಹೊಸಿಲು ದಾಟಿದ. ಕರಿ ಕೋಟಿನ ತುದಿ ಒಳಗೆ ಹೋದದ್ದೇ, ಮೂರು ಟೇಕಿನಲ್ಲಿ ಮುಚ್ಚದಿದ್ದ ಬಾಗಿಲನ್ನು ಅಜ್ಜಿ ಧಡ್ ಎಂದು ಹಾಕಿ ಒಳಗಿಂದ ಚಿಲಕ ಜಡಿದಳು. ದೀಪ ಹಚ್ಚಿ ಆಗಿತ್ತು, ಲಕ್ಷ್ಮಿ ಬಂದಾಗಿತ್ತು, ಇನ್ನು ಬರುವುದೇನಿದ್ದರೂ ಸೊಳ್ಳೆ.

ಶಾಂತಲಾಳ ಬಾಯಿಂದ ಕಟ್ ಕೂಡ ಹೊರಡಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಮಂಕು ಬಡಿದವಳ ಹಾಗೆ ನಿಂತಳು. ಆಕಾಶದ ನೇರಳೆ ಕರಗಿ, ಬೀದಿ ದೀಪ ಹತ್ತಿ, ಬೆಳಕು ಸತ್ತೇಹೋಯಿತು. ಆಗ ಗೊಣಗಿದಳು, “ಕಟ್ಟು.”

ಹಿತ್ತಲ ಬಾಗಿಲಿನಿಂದ ಒಳಗೆ ಹೋದರೆ, ಫರ್ದೀನ್ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೋರೆಹಲ್ಲು ತಟ್ಟೆಯ ಅಂಚಿನಲ್ಲಿ, ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ, ಬಾಳೆಹಣ್ಣು. ಚೊಂಬಿನ ಪಾನಕ ಖಾಲಿ.

“ಸಾರಿ ಮಗಾ,” ಎಂದ ಅವನು. “ಅಜ್ಜಿ ಕರೆದ್ರು. ಕಾಲು ತಾನೇ ಹೋಯ್ತು.”

“ಪಿಶಾಚಿ ಗೆದ್ಬಿಟ್ನಲ್ಲೋ. ನಾನ್ ಏನ್ ತೋರ್ಸ್ಲಿ ನಾಳೆ?” ಶಾಂತಲಾ ಗೋಡೆಗೆ ಒರಗಿ ಕುಸಿದಳು. ಕೈಯಲ್ಲಿ ಊದುಬತ್ತಿ ಬೂದಿಯ ಡಬ್ಬಿ. “ಬಾಗ್ಲು ಹಾಕು ಅಂದ್ರೆ ಹಾಕಲ್ಲ, ಬೇಡ ಅಂದ್ರೆ ಹಾಕ್ತಾರೆ. ಮೇಡಂ ನಕ್ಕು ನಕ್ಕು ಸಾಯ್ತಾರೆ.”

ಜೋಯಾ ಮೂಲೆಯಲ್ಲಿ ಖರ್ಜೂರ ತಿಂದು ನೀರು ಕುಡಿದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಏನೋ ನೋಡುತ್ತಿದ್ದಳು. ತುಸು ಹೊತ್ತಿಗೆ ಎದ್ದು ಬಂದು, ಫೋನನ್ನು ಶಾಂತಲಾಳ ಮಡಿಲಿಗಿಟ್ಟು ಇಯರ್‌ಫೋನನ್ನು ಅವಳ ಕಿವಿಗೆ ತುರುಕಿದಳು. “ನೋಡೇ ಒಂದ್ಸಲ.”

ಶಾಂತಲಾ ಒಲ್ಲದ ಮನಸ್ಸಿನಿಂದ ನೋಡಿದಳು. ಜೋಯಾ ಮುಖಗಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅಜ್ಜಿಯ ಕೈಯಾಗಲಿ, ಚೊಂಬಾಗಲಿ ಚೌಕಟ್ಟಿನಲ್ಲಿ ಇರಲೇ ಇಲ್ಲ. ನೇರಳೆ ಬೆಳಕಿನಲ್ಲಿ ಸುಕ್ಕುಗಟ್ಟಿದ, ಅಕ್ಕರೆಯ ಮುಖ, ಅದರೆದುರು ಫರ್ದೀನ್. ಅವನ ಕಣ್ಣು ಅಜ್ಜಿಯ ಮುಖದಿಂದ ಮೆಲ್ಲಗೆ ಕೆಳಗಿಳಿದು, ಕತ್ತಿನಿಂದ ಒಂದಿಷ್ಟು ಕೆಳಗೆ ನೆಟ್ಟಿತು. ಅಲ್ಲಿಂದ ಕೀಳಲಿಲ್ಲ. ಗಂಟಲಮಣಿ ಒಮ್ಮೆ ಏರಿ ಇಳಿಯಿತು. ನಾಲಿಗೆ ತಾನೇ ಹೊರಬಂದು ಕೋರೆಹಲ್ಲನ್ನು ಸವರಿತು. ಯಾವ ಟೇಕಿನಲ್ಲೂ ಬಾರದ ಹಸಿವು ಆ ಮುಖದಲ್ಲಿ ಒಳಗಿಂದ ಉರಿಯುತ್ತಿತ್ತು.

ಬೆಳಗ್ಗಿಂದ ಅಸ್ಕಂಡಿದೀಯ. ಒಳೀಕೆ ಬಾ. ನಾನೊಬ್ಳೇ.

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಚಿತ್ರದಲ್ಲಿ ಉಳಿದದ್ದು ಕಪ್ಪಾಗುತ್ತಿರುವ ಬಾಗಿಲೊಂದೇ. ಆಗ ಕಿವಿಯೊಳಗೆ ಸದ್ದು ಶುರುವಾಯಿತು. ಫರ್ದೀನನ ಕಾಲರಿನ ಮೈಕು ಅವನ ಜೊತೆಗೇ ಒಳಗೆ ಹೋಗಿತ್ತು. ಗಟ, ಗಟ, ಗಟ. ಉಸಿರಿಗೂ ಬಿಡುವು ಕೊಡದೆ ಯಾರೋ ಏನನ್ನೋ ಕುಡಿಯುತ್ತಿದ್ದರು. ನಡುವೆ ಒಂದು ಏದುಸಿರು. ಮತ್ತೆ ಗಟ, ಗಟ.

ಶಾಂತಲಾಳ ತೋಳಿನ ಕೂದಲು ನೆಟ್ಟಗಾಯಿತು. ಅದು ಪಾನಕ ಎಂದು ಅವಳಿಗೆ ಗೊತ್ತಿತ್ತು. ಕುಡಿದವನು ಎದುರಿಗೇ ಬಾಳೆಹಣ್ಣು ಸುಲಿಯುತ್ತಿದ್ದ. ಆದರೂ ಬೆನ್ನಹುರಿಯುದ್ದಕ್ಕೂ ಏನೋ ಹರಿಯಿತು. ಅದೇ ಹೊತ್ತಿಗೆ ತಣ್ಣಗಿನ, ಒದ್ದೆಯಾದ ಕೈಯೊಂದು ಅವಳ ಕತ್ತಿನ ಮೇಲೆ ಬಿತ್ತು.

ಅವಳು ಕಿರುಚಿದ ಕಿರುಚಿಗೆ ಮೇಲಿನ ಮನೆಯವರು ಮೆಟ್ಟಿಲ ತನಕ ಓಡಿಬಂದರು.

“ಪಾತ್ರೆಯಾಗೆ ಪಾನಕ ಇನ್ನೊಂದ್ ಲೋಟ ಉಳ್ದೈತೆ, ನಿಂಗೆ ಬೇಕೇನೇ ಅಂತ ಕೇಳಾಕ್ ಬಂದೆ,” ಎಂದಳು ಪಟಾಲಮ್ಮ, ಕೈ ಸೆರಗಿಗೆ ಒರೆಸಿಕೊಳ್ಳುತ್ತಾ. “ಏನಾಯ್ತೇ ನಿಂಗೆ?”

ಶಾಂತಲಾ ಎದೆ ಹಿಡಿದುಕೊಂಡೇ ಬೂದಿ ಡಬ್ಬಿಯನ್ನು ಕಿಟಕಿಯಾಚೆಯ ತುಳಸಿ ಕುಂಡಕ್ಕೆ ಸುರಿದುಬಿಟ್ಟಳು. ಹಳೆಯ ಕೊನೆ ಅಲ್ಲಿಗೆ ಮುಗಿಯಿತು. ಆಮೇಲೆ ಅಜ್ಜಿಯ ಪಕ್ಕ ಕೂತು ಕೇಳಿದಳು. “ಅಜ್ಜಿ, ಫಿಲ್ಮಲ್ಲಿ ನಿನ್ನ ಸಾಯಿಸ್ತೀನಿ. ಬೇಜಾರಿಲ್ವಾ?”

ಅಜ್ಜಿ ಯೋಚಿಸಿದಳು. “ಬಂದೋರ್ಗೆ ಏನಾದ್ರೂ ಕೊಟ್ಟು ಸಾಯ್ತೀನಾ, ಕೊಡ್ದೇನಾ?”

“ಕೊಟ್ಟು.”

“ಅಂಗಾದ್ರೆ ಸರಿ.”

ಸೋಮವಾರ ಮಧ್ಯಾಹ್ನ ಕ್ಲಾಸಿನ ಕಿಟಕಿಗಳಿಗೆ ಪರದೆ ಎಳೆದರು. ಫರ್ದೀನ್ ನಮಾಜಿಗೆ ಹೋದವನು ಇನ್ನೂ ಬಂದಿರಲಿಲ್ಲ. ಮೇಡಂ ಮುಂದಿನ ಕುರ್ಚಿಯಲ್ಲಿದ್ದರು, ಬಾಲರಾಜು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ. ಮೊದಲ ಗೇಟಿನ ಓನರ್ ‘ನಾನ್‌ವೆಜ್ಜಾ’ ಅಂದಾಗ ಕ್ಲಾಸು ನಕ್ಕಿತು. ಎರಡನೆಯ ಗೇಟಿಗೆ ಇನ್ನೂ ಜೋರಾಗಿ ನಕ್ಕಿತು. ಮೂರನೆಯದಕ್ಕೆ ಮೇಡಂ ಸೆರಗಿಗೆ ಕೈ ಹಾಕಿದರು. ಶಾಂತಲಾ ಬೆಂಚಿನ ಕೆಳಕ್ಕೆ ಜಾರುತ್ತಾ ಹೋದಳು. ಕೊಡೆಯ ಹಿಡಿ ಕೈಗೆ ಬಂದಂತೆಯೇ ಅನಿಸುತ್ತಿತ್ತು.

ತೇಗದ ಬಾಗಿಲು ತೆರೆಯಿತು.

“ಒತ್ತು ಮುಳುಗ್ತು ಕಣಪ್ಪ. ಬೆಳಗ್ಗಿಂದ ಅಸ್ಕಂಡಿದೀಯ.”

ಒಬ್ಬಿಬ್ಬರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಒಳಗೆ ಕರೆದರೆ ಏನಾಗುತ್ತದೆಂದು ಇಡೀ ಕ್ಲಾಸಿಗೆ ಗೊತ್ತಿತ್ತು, ಅಜ್ಜಿಗೊಬ್ಬಳಿಗೆ ಗೊತ್ತಿರಲಿಲ್ಲ.

“ಬೇಡ ಅಜ್ಜಿ,” ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು. ಶಾಂತಲಾ ತಿರುಗಿ ನೋಡಿದಳು. ಬಾಲರಾಜು ಕೈಕಟ್ಟು ಬಿಚ್ಚಿ, ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

“ಒಳೀಕೆ ಬಾ. ನಾನೊಬ್ಳೇ.”

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಕತ್ತಲೆ ಕೋಣೆಯಲ್ಲಿ ಗಟ, ಗಟ, ಗಟ ಎಂಬ ಸದ್ದೊಂದೇ ತುಂಬಿಕೊಂಡಿತು. ಜೋಯಾ ಅದನ್ನು ಎಷ್ಟು ಬೇಕೋ ಅಷ್ಟೇ ಬಿಟ್ಟು, ‘ಇನ್ನೊಂದ್ ಲೋಟ ಉಯ್ಲಾ’ ಎಂಬ ಅಜ್ಜಿಯ ಮಾತು ಶುರುವಾಗುವ ಮುಂಚೆ ಕತ್ತರಿಸಿದ್ದಳು. ತೆರೆ ಕಪ್ಪಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಲೈಟು ಹಾಕಲು ಏಳಲಿಲ್ಲ. ಜ್ಯೋತಿಲಕ್ಷ್ಮಿ ಮೇಡಂ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡಿದ್ದರು.

“ಅಜ್ಜಿ,” ಎಂದರು ಮೇಡಂ, ಕಾಲು ಇಳಿಸದೆಯೇ. “ಅವರು ನಿಜವಾಗ್ಲೂ ಹುಷಾರಾಗಿದಾರೆ ತಾನೆ?”

ಶಾಂತಲಾ ಉತ್ತರ ಕೊಡುವುದರೊಳಗೆ ಕ್ಲಾಸಿನ ಬಾಗಿಲು ಅರ್ಧ ತೆರೆದುಕೊಂಡಿತು. ವರಾಂಡದ ಬಿಸಿಲಿಗೆ ಬೆನ್ನು ಮಾಡಿ, ಉದ್ದಕ್ಕೆ, ಸಣ್ಣಕ್ಕೆ, ಫರ್ದೀನ್ ನಿಂತಿದ್ದ. ತಡವಾಗಿ ಬಂದವರು ಕೇಳಿಯೇ ಒಳಗೆ ಬರಬೇಕೆಂಬುದು ಮೇಡಂ ಮಾಡಿದ ನಿಯಮ.

“ಮ್ಯಾಮ್,” ಎಂದ ಅವನು ವಿನಯದಿಂದ, “ಒಳಗೆ ಬರ್ಲಾ?”

ಮೇಡಂ ಬಾಯಿ ತೆರೆದರು. ಮುಚ್ಚಿಕೊಂಡರು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಅವರನ್ನೇ ನೋಡುತ್ತಿತ್ತು.

“ಮ್ಯಾಮ್?”

ಯಾರೂ ‘ಬಾ’ ಅನ್ನಲಿಲ್ಲ. ಫರ್ದೀನ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ, ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಹೊಸಿಲಿನಾಚೆಯೇ ನಿಂತಿದ್ದ. ಶಾಂತಲಾ ಬೆಂಚಿನ ಮೇಲೆ ನೆಟ್ಟಗೆ ಕೂತು, ಇನ್ನೂ ಸ್ವಲ್ಪ ಹೊತ್ತು ಅವನು ಅಲ್ಲೇ ನಿಂತಿರಲಿ ಎಂದುಕೊಂಡಳು.